ಕೆರೆ ಕೆಸರಿನ ಬಾಟಲಿಯಲ್ಲಿ ಗಂಧಕದ ಚಕ್ರ

ಗಂಧಕವನ್ನು ಒಂದು ರೂಪದಿಂದ ಇನ್ನೊಂದಕ್ಕೆ, ಮತ್ತೆ ಹಿಂದಕ್ಕೆ ಬದಲಿಸುವ ಕೆಸರಿನ ಬ್ಯಾಕ್ಟೀರಿಯಾಗಳನ್ನು ಬಣ್ಣದ ಪಟ್ಟಿಗಳಾಗಿ ಬೆಳೆಸಿ ನೋಡುವ ಪ್ರಯೋಗವಿದು. ಹುಬ್ಬಳ್ಳಿ-ಧಾರವಾಡದ ಉಣಕಲ್ ಅಥವಾ ಕೆಲಗೇರಿ ಕೆರೆಯ ದಂಡೆಯಿಂದ ಕಪ್ಪು ಕೆಸರು ತನ್ನಿ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಒಳ್ಳೆಯದು. ಕೈಗವಸು ಬೇಕೇ ಬೇಕು. ಎರೆ ಹೊಲದ ಮಣ್ಣು ಬೇಡ, ಅದರ ಕಪ್ಪು ಬೇರೆ. ಅನುಮಾನವಿದ್ದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಂದು ದಿನ ಬಿಡಿ: ಕೆರೆ ಕೆಸರನ್ನು ಕಪ್ಪಾಗಿಸುವ ಕಬ್ಬಿಣದ ಸಲ್ಫೈಡ್ (ಕಬ್ಬಿಣ, ಗಂಧಕ ಸೇರಿದ ವಸ್ತು) ಗಾಳಿ ತಾಗಿ ಬೂದು-ಕಂದಾಗುತ್ತದೆ, ಎರೆ ಕಪ್ಪಾಗಿಯೇ ಉಳಿಯುತ್ತದೆ.

ಕಲ್ಲು, ಕಡ್ಡಿ ತೆಗೆದು ಸುಮಾರು 1 ಲೀಟರ್ ಕೆಸರನ್ನು ಕೆರೆ ನೀರಲ್ಲೇ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಅದರಲ್ಲಿ ಮೂರನೇ ಒಂದು ಭಾಗಕ್ಕೆ 2 ಚಮಚ ಜಿಪ್ಸಂ, 1 ಚಮಚ ಮೊಟ್ಟೆ ಚಿಪ್ಪಿನ ಪುಡಿ, ಒಂದು ಹಿಡಿ ದಿನಪತ್ರಿಕೆಯ ಚೂರು ಬೆರೆಸಿ. ಜಿಪ್ಸಂ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದರೆ ಗಟ್ಟಿಯಾಗಿಬಿಡುತ್ತದೆ. ಹೀಗೆ ಬೆರೆಸಿದ ಕೆಸರನ್ನು 2 ಲೀಟರ್ ಪಾರದರ್ಶಕ ಬಾಟಲಿಯ ತಳಕ್ಕೆ ಸುರಿದು, ಮೇಲೆ ಉಳಿದ ಕೆಸರು, ಅದರ ಮೇಲೆ ನಾಲ್ಕು ಬೆರಳು ನೀರು. ಗಾಳಿಗುಳ್ಳೆ ಉಳಿಯದಂತೆ ಕೋಲಿನಿಂದ ಚುಚ್ಚಿ. ಮುಚ್ಚಳ ಸಡಿಲವಿರಲಿ, ಬಿಗಿದರೆ ಅನಿಲ ತುಂಬಿ ಬಾಟಲಿ ಉಬ್ಬುತ್ತದೆ.

ನೇರ ಬಿಸಿಲು ಬೀಳದ, ಬೆಳಕಿರುವ ಕಿಟಕಿಯಲ್ಲಿಡಿ. ಎಲ್‌ಇಡಿ ದೀಪ ನೆಚ್ಚಬೇಡಿ: ಬಣ್ಣದ ಪಟ್ಟಿ ಮೂಡಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಕೆಲವು ವಾರಗಳಲ್ಲಿ ತಳ ಇನ್ನಷ್ಟು ಕಪ್ಪಾಗುತ್ತದೆ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಜೀವಿಗಳು ಜಿಪ್ಸಂನ ಸಲ್ಫೇಟನ್ನು (ಗಂಧಕ, ಆಮ್ಲಜನಕ ಸೇರಿದ ರೂಪ) ಸಲ್ಫೈಡ್ ಮಾಡುತ್ತವೆ. ಆ ಸಲ್ಫೈಡ್ ಬಳಸಿ ಮೇಲೆ ಹಸಿರು, ಅದಕ್ಕೂ ಮೇಲೆ ನೇರಳೆ ಗಂಧಕ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೇರಳೆಯವು ಹೆಚ್ಚು ಸಲ್ಫೈಡ್ ತಾಳವು. ಬಣ್ಣದ ಪಟ್ಟಿಗೆ ಎರಡು ತಿಂಗಳಾದರೂ ಬೇಕಾಗಬಹುದು. ನೀರೆಲ್ಲ ಹಸಿರಾದರೆ ಪಾಚಿ, ಬೆಳಕು ತಗ್ಗಿಸಿ. ಕೆಸರು ಬಿರಿದು ಮೇಲೆದ್ದರೆ ಕಾಗದ ಹೆಚ್ಚಾಗಿ, ಅದು ಕೊಳೆತು ಅನಿಲ ತುಂಬಿದೆ.