ನಾಯಿ ಗಬಗಬನೆ ತಿನ್ನುತ್ತಿದೆಯೇ? ಊಟದ ವೇಗ ತಗ್ಗಿಸುವುದು ಹೀಗೆ

ಬಟ್ಟಲು ನೆಲ ಮುಟ್ಟುವ ಮೊದಲೇ ಮೂತಿ ಅದರೊಳಗಿರುತ್ತದೆ. ಪೊಟ್ಟಣದ ಒಣ ಊಟದ ಒಂದೆರಡು ಕಾಳು ಹಲ್ಲಿಗೆ ಸಿಕ್ಕಿ ಕಟಕ್ ಎಂದದ್ದು ಬಿಟ್ಟರೆ ಅಗಿದ ಸದ್ದೇ ಇಲ್ಲ. ಅರ್ಧ ನಿಮಿಷದಲ್ಲಿ ಎಲ್ಲ ಖಾಲಿಯಾಗಿ, ಬಟ್ಟಲನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕುವುದು ಶುರುವಾಗುತ್ತದೆ. ನೋಡುವವರಿಗೆ ಎರಡು ಚಿಂತೆ ಹತ್ತಿಕೊಳ್ಳುತ್ತದೆ. ಕೊಟ್ಟದ್ದು ಸಾಲಲಿಲ್ಲವೇ? ಅಗಿಯದೆ ನುಂಗಿದ್ದು ಅರಗುತ್ತದೆಯೇ?

ಅರಗುತ್ತದೆ. ಬೆಳೆದ ನಾಯಿಗೆ 42 ಹಲ್ಲು. ಹೆಚ್ಚಿನವು ಕಚ್ಚಿ ಹಿಡಿಯಲು, ಕತ್ತರಿಸಲು ಇರುವಂಥವು. ಅರೆಯುವ ಹಲ್ಲುಗಳು ಬಾಯಿಯ ಹಿಂಬದಿಯಲ್ಲಿ ಕೆಲವೇ. ದವಡೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಬೀಸುಕಲ್ಲಿನಂತೆ ಅಡ್ಡಡ್ಡ ತಿರುಗುವುದಿಲ್ಲ. ನಮ್ಮ ಬಾಯಲ್ಲೇ ಪಿಷ್ಟ ಒಡೆಯಲು ಶುರುಮಾಡುವ ಅಮೈಲೇಸ್ ನಾಯಿಯ ಜೊಲ್ಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆ ಕೆಲಸ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ರಸದಿಂದ ನಡೆಯುತ್ತದೆ. ಹಾಗಾಗಿ ಚೆನ್ನಾಗಿ ಅಗಿದು ತಿನ್ನುವುದನ್ನು ನಾಯಿಗೆ ಕಲಿಸಲು ಹೊರಡುವುದು ವ್ಯರ್ಥ ಶ್ರಮ. ನಮ್ಮ ಕೈಯಲ್ಲಿರುವುದು ಎರಡೇ: ಅದಕ್ಕೆ ಆತುರ ಯಾಕೆ ಎಂದು ತಿಳಿಯುವುದು, ಮತ್ತು ಒಂದು ಬಾಯಿಗೆ ಎಷ್ಟು ಸಿಗಬೇಕು ಎಂದು ನಿರ್ಧರಿಸುವುದು. ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋಗುವುದರಿಂದಲೇ ಹೊಸ ಬಟ್ಟಲುಗಳು ವಾರ ಕಳೆಯುವುದರೊಳಗೆ ಮೂಲೆ ಸೇರುವುದು.

ಬೇಗ ತಿಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ತಿಂದ ಮೇಲೆ ನೆಮ್ಮದಿಯಾಗಿ ಮಲಗುವ, ತೂಕ ಸರಿಯಾಗಿರುವ ಸಣ್ಣ ನಾಯಿ ಒಂದು ನಿಮಿಷದಲ್ಲಿ ಊಟ ಮುಗಿಸಿದರೆ ಬಿಟ್ಟುಬಿಡಿ. ಊಟದ ನಡುವೆ ಕೆಮ್ಮುವುದು, ತಿಂದದ್ದು ಹಾಗೇ ಹೊರಗೆ ಬರುವುದು, ತೇಗು ಮತ್ತು ಹೂಸು ವಿಪರೀತವಾಗುವುದು, ಹತ್ತಿರ ಹೋದರೆ ಗುರ್ ಎನ್ನುವುದು ಇದ್ದರೆ ಮಾತ್ರ ಮುಂದಿನ ಕೆಲಸಕ್ಕೆ ಕೈಹಾಕಿ. ಎದೆಗೂಡು ಆಳವಾಗಿರುವ ದೊಡ್ಡ ತಳಿಗಳ ಮಾತು ಬೇರೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್ಮನ್, ಸೇಂಟ್ ಬರ್ನಾರ್ಡ್, ಐರಿಷ್ ಸೆಟ್ಟರ್, ವೈಮರಾನರ್ ಇಂಥವುಗಳಲ್ಲಿ ಯಾವ ತೊಂದರೆ ಕಾಣದಿದ್ದರೂ ವೇಗ ತಗ್ಗಿಸುವುದೇ ಕ್ಷೇಮ. ಕಾರಣ ಕೆಳಗೆ ಬರುತ್ತದೆ.

ಮೊದಲ ಮೂರು ದಿನ ಬರೀ ನೋಡಿ

ಏನನ್ನೂ ಬದಲಿಸಬೇಡಿ. ಊಟವನ್ನು ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡು ಮೂರು ಮೀಟರ್ ದೂರದಲ್ಲಿ ನಾಯಿಯ ಪಕ್ಕಕ್ಕೆ ನಿಂತು ನೋಡಿ. ಮೇಲೆ ಬಾಗಿ ನಿಂತರೆ ಅದು ಇನ್ನಷ್ಟು ಅವಸರಪಡುತ್ತದೆ, ನೀವು ನೋಡುವುದು ಅದರ ಸಹಜ ವೇಗವಾಗಿರುವುದಿಲ್ಲ. ಮೂರು ದಿನದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಮುಂದೆ ಮಾಡುವ ಪ್ರತಿ ಬದಲಾವಣೆಯನ್ನು ಇದರ ಜೊತೆ ಹೋಲಿಸಬೇಕು.

ಗಡಿಯಾರಕ್ಕಿಂತ ಕತ್ತಿನ ಮೇಲೆ ಕಣ್ಣಿಡಿ. ನಿರಾಳವಾಗಿ ತಿನ್ನುವ ನಾಯಿ ಒಂದು ಬಾಯಿ ತೆಗೆದುಕೊಂಡು, ನುಂಗಿ, ಉಸಿರು ಬಿಟ್ಟು, ಮತ್ತೆ ಬಾಯಿ ಹಾಕುತ್ತದೆ. ಗಬಗಬನೆ ಮುಕ್ಕುವ ನಾಯಿಯಲ್ಲಿ ಮೊದಲಿನದು ಇನ್ನೂ ಗಂಟಲಲ್ಲಿ ಇಳಿಯುತ್ತಿರುವಾಗಲೇ ಮುಂದಿನದು ಬಾಯಿ ತುಂಬಿರುತ್ತದೆ. ಕತ್ತಿನ ಕೆಳಭಾಗ ಬಿಡುವಿಲ್ಲದೆ ಅಲೆಅಲೆಯಾಗಿ ಆಡುತ್ತಿರುತ್ತದೆ, ನಡುವೆ ಗುಳುಕ್ ಎಂಬ ಸದ್ದು ಕೇಳುತ್ತದೆ. ಊಟದ ಜೊತೆ ಗಾಳಿಯೂ ಹೊಟ್ಟೆಗೆ ಇಳಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮುಖದ ತಳಿಗಳಲ್ಲಿ ಇದು ಇನ್ನೂ ಹೆಚ್ಚು. ಮೂಗಿನ ದಾರಿ ಇಕ್ಕಟ್ಟಾದ್ದರಿಂದ ಅವು ತಿನ್ನುತ್ತಲೇ ಬಾಯಲ್ಲಿ ಉಸಿರೆಳೆಯುತ್ತವೆ.

ಹೊರಗೆ ಬಂದದ್ದನ್ನು ಒರೆಸುವ ಮೊದಲು ನೋಡಿ. ಊಟವಾದ ಕೆಲವೇ ನಿಮಿಷಗಳಲ್ಲಿ, ಹೊಟ್ಟೆ ಹಿಂಡಿಕೊಳ್ಳದೆ, ಕತ್ತು ಬಗ್ಗಿಸಿದ್ದೇ ತಡ ಕಾಳುಕಾಳಾಗಿ ಜಾರಿ ಬಿದ್ದರೆ ಅದು ಜಠರವನ್ನು ತಲುಪಿಯೇ ಇರಲಿಲ್ಲ ಎಂದೇ ಹೆಚ್ಚಾಗಿ ಅರ್ಥ. ನಾಯಿಯ ಅನ್ನನಾಳ ಉದ್ದಕ್ಕೂ ಕೈಕಾಲಿನ ಸ್ನಾಯುವಿನ ಬಗೆಯದ್ದೇ ಆಗಿರುವುದರಿಂದ ಹೀಗೆ ಮರಳಿಸುವುದು ಅದಕ್ಕೆ ಸುಲಭ. ಅವಸರದ ಊಟದಲ್ಲಿ ಕಾಣುವುದು ಸಾಮಾನ್ಯವಾಗಿ ಇದೇ. ಹೊಟ್ಟೆ ಮತ್ತೆ ಮತ್ತೆ ಹಿಂಡಿ, ಹಳದಿ ಪಿತ್ತದ ಜೊತೆ ಅರೆ ಅರಗಿದ್ದು ಬಂದರೆ ಅದು ವಾಂತಿ, ಅದಕ್ಕೆ ಬೇರೆ ಕಾರಣ ಹುಡುಕಬೇಕು. ತಿನ್ನುವ ವೇಗ ಕಡಿಮೆಯಾದ ಮೇಲೂ ಊಟ ಜಾರಿ ಬರುತ್ತಲೇ ಇದ್ದರೆ ಅನ್ನನಾಳದಲ್ಲೇ ತೊಂದರೆ ಇರಬಹುದು, ಪಶುವೈದ್ಯರಿಗೆ ತೋರಿಸಿ.

ಆತುರ ಎಲ್ಲಿಂದ ಬಂತು?

ಕಿತ್ತುಕೊಳ್ಳುತ್ತಾರೆಂಬ ಭಯ ಬಹಳ ದೊಡ್ಡ ಕಾರಣ. ಒಂದೇ ಬಟ್ಟಲಿಗೆ ಐದಾರು ಮರಿಗಳು ಮುಗಿಬಿದ್ದು ಬೆಳೆದದ್ದು, ಬೀದಿಯಲ್ಲಿ ಸಿಕ್ಕಿದ್ದನ್ನು ಸಿಕ್ಕಲ್ಲೇ ಮುಗಿಸಿ ಬದುಕಿದ್ದು, ಇಂಥ ಹಿನ್ನೆಲೆಯ ನಾಯಿಗೆ ವೇಗವೇ ಜೀವ ಉಳಿಸಿದ ವಿದ್ಯೆ. ಕಿವಿ ಹಿಂದಕ್ಕೆ, ಮೈ ಬಿಗಿ, ತಲೆ ಎತ್ತದೆ ಕಣ್ಣಂಚಿನಲ್ಲೇ ಸುತ್ತ ನೋಡುವುದು, ನೀವು ಒಂದು ಹೆಜ್ಜೆ ಇಟ್ಟ ಕೂಡಲೇ ಬಾಯಿ ಇನ್ನಷ್ಟು ಚುರುಕಾಗುವುದು ಇದರ ಲಕ್ಷಣ.

ಇಲ್ಲಿ ಒಂದು ಹಳೆಯ ತಪ್ಪನ್ನು ಬಿಡಿಸಿ ಹೇಳಲೇಬೇಕು. ಯಜಮಾನ ಯಾರೆಂದು ತಿಳಿಯಲಿ ಅಂತ ತಿನ್ನುತ್ತಿರುವ ನಾಯಿಯ ಬಟ್ಟಲಿಗೆ ಕೈ ಹಾಕುವುದು, ಅರ್ಧದಲ್ಲೇ ಕಿತ್ತುಕೊಳ್ಳುವುದು ಅನೇಕರ ರೂಢಿ. ನಾಯಿ ಇದರಿಂದ ಕಲಿಯುವ ಪಾಠ ಒಂದೇ: ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ, ಅಷ್ಟರೊಳಗೆ ನುಂಗಿಬಿಡಬೇಕು. ಕೆಲವು ನಾಯಿಗಳು ಇದರ ಮುಂದಿನ ಹಂತವಾಗಿ ಕಚ್ಚಲೂ ಕಲಿಯುತ್ತವೆ. ಬದಲಿಗೆ ತಿರುಗಿಸಿ ಕಲಿಸಿ. ನಾಯಿ ತಿನ್ನುತ್ತಿರುವಾಗ ಅದು ಬಿಗಿಯಾಗದಷ್ಟು ದೂರದಿಂದ ಹಾದುಹೋಗುತ್ತಾ, ಬಟ್ಟಲಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರನ್ನು ಅದರ ಬಳಿ ಎಸೆದು, ನಿಲ್ಲದೆ ಮುಂದೆ ನಡೆಯಿರಿ. ಊಟಕ್ಕೆ ಎರಡು ಮೂರು ಸಲ ಸಾಕು. ನೀವು ಬಂದಾಗ ಅದು ತಲೆ ಎತ್ತಿ ಎದುರು ನೋಡಲು ಶುರುಮಾಡಿದ ಮೇಲೆ ಮಾತ್ರ ದೂರವನ್ನು ಒಂದೊಂದೇ ಹೆಜ್ಜೆ ಕಡಿಮೆ ಮಾಡಿ. ಈಗಾಗಲೇ ಹಲ್ಲು ತೋರಿಸುವ ನಾಯಿಯಾದರೆ ಇದನ್ನು ಒಬ್ಬರೇ ಮಾಡಲು ಹೋಗಬೇಡಿ, ನಾಯಿಯ ವರ್ತನೆ ಬಲ್ಲವರನ್ನು ಕರೆಸಿ. ಮಕ್ಕಳನ್ನಂತೂ ಊಟದ ಹೊತ್ತಿನಲ್ಲಿ ಹತ್ತಿರ ಬಿಡಲೇಬಾರದು.

ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆ, ನಡುವೆ ಮುಚ್ಚಿದ ಬಾಗಿಲು. ಒಂದೇ ಕೋಣೆಯ ಎರಡು ಮೂಲೆ ಸಾಲದು. ಒಂದಕ್ಕೊಂದು ಕಾಣುತ್ತಿರುವವರೆಗೂ ಸ್ಪರ್ಧೆ ಇದ್ದೇ ಇರುತ್ತದೆ. ಎರಡೂ ಮುಗಿಸಿ, ಬಟ್ಟಲುಗಳನ್ನು ಎತ್ತಿಟ್ಟ ಮೇಲೆಯೇ ಬಾಗಿಲು ತೆರೆಯಿರಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಇನ್ನು ನಿಜವಾದ ಹಸಿವು. ಲೆಕ್ಕ ಹಾಕಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು ಅದರಿಂದಲೇ ಇನ್ನೆರಡು ಸಲ ಗುಣಿಸಿ, ಬಂದದ್ದರ ವರ್ಗಮೂಲವನ್ನು ಎರಡು ಬಾರಿ ತೆಗೆದು, 70ರಿಂದ ಗುಣಿಸಿ. 10 ಕೆ.ಜಿ. ನಾಯಿಗೆ 1,000, ಅದರ ವರ್ಗಮೂಲ 31.6, ಮತ್ತೆ ವರ್ಗಮೂಲ 5.62, 70ರಿಂದ ಗುಣಿಸಿದರೆ ಸುಮಾರು 394 ಕಿಲೋ ಕ್ಯಾಲರಿ. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಆಗದಿದ್ದರೆ 1.8 ಪಟ್ಟು. ಮೊದಲನೆಯದಕ್ಕೆ ದಿನಕ್ಕೆ 630 ಎಂದಾಯಿತು. ಪೊಟ್ಟಣದ ಮೇಲೆ 100 ಗ್ರಾಂಗೆ 360 ಎಂದಿದ್ದರೆ 175 ಗ್ರಾಂ. ಇದು ಆರಂಭದ ಅಂದಾಜು ಮಾತ್ರ. ಅಂಗೈಯನ್ನು ಪಕ್ಕೆಯ ಮೇಲೆ ಆಡಿಸಿ ನೋಡಿ: ಒತ್ತದೆಯೇ ಎಲುಬುಗಳು ಎಣಿಸಲು ಸಿಗಬೇಕು, ಆದರೆ ದೂರಕ್ಕೆ ಎದ್ದು ಕಾಣಬಾರದು. ಹಾಗಿದ್ದರೆ ಪ್ರಮಾಣ ಸರಿಯಾಗಿದೆ; ಬಟ್ಟಲು ನೆಕ್ಕಿತೆಂದು ಹೆಚ್ಚು ಹಾಕಬೇಕಿಲ್ಲ.

ಲ್ಯಾಬ್ರಡಾರ್ ಸಾಕಿದವರಿಗೆ ಒಂದು ಸಮಾಧಾನ. ಹಸಿವು ತಣಿದದ್ದನ್ನು ಮೆದುಳಿಗೆ ತಿಳಿಸುವ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಈ ತಳಿಯ ಸುಮಾರು ನಾಲ್ಕರಲ್ಲಿ ಒಂದು ನಾಯಿಯಲ್ಲಿ ಇರುವುದಿಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅದರ ಸದಾ ಹಸಿವು ಸಾಕಿದವರ ತಪ್ಪಲ್ಲ, ನಾಯಿಯ ದುರಾಸೆಯೂ ಅಲ್ಲ.

ನಿನ್ನೆ ಮೊನ್ನೆಯವರೆಗೆ ಸಾಧಾರಣವಾಗಿ ತಿನ್ನುತ್ತಿದ್ದ ನಾಯಿ ಏಕಾಏಕಿ ಮುಕ್ಕಲು ಶುರುಮಾಡಿದರೆ ಬಟ್ಟಲಿನ ಉಪಾಯಗಳನ್ನು ಬದಿಗಿಡಿ. ಜಂತುಹುಳು, ಸಕ್ಕರೆ ಕಾಯಿಲೆ, ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಅತಿಯಾಗುವ ಕುಶಿಂಗ್ ಕಾಯಿಲೆ, ಮೇದೋಜೀರಕ ರಸ ಸಾಲದೆ ತಿಂದದ್ದು ಮೈಗೆ ಹತ್ತದಿರುವುದು, ಇವೆಲ್ಲ ಹಸಿವು ಹೆಚ್ಚಿಸುತ್ತವೆ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಕೂಡ ಹಾಗೆಯೇ. ಚೆನ್ನಾಗಿ ತಿಂದೂ ತೂಕ ಇಳಿಯುತ್ತಿದ್ದರೆ ಪರೀಕ್ಷೆ ತಡಮಾಡಬೇಡಿ.

ಊಟವನ್ನು ಒಡೆದು, ಹರಡಿ ಕೊಡಿ

ದಿನಕ್ಕೆ ಒಂದೇ ಹೊತ್ತು ಹಾಕುತ್ತಿದ್ದರೆ ಮೊದಲು ಎರಡು ಮಾಡಿ; ದೊಡ್ಡ ತಳಿಗೆ ಮೂರಾದರೆ ಇನ್ನೂ ಒಳ್ಳೆಯದು. ಮರಿಗಳಿಗೆ ನಾಲ್ಕು ತಿಂಗಳವರೆಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು. ದಿನದ ಒಟ್ಟು ತೂಕ ಬದಲಾಗಬಾರದು, ಅದನ್ನೇ ಹಂಚಬೇಕು.

ಏನನ್ನೂ ಕೊಳ್ಳದೆ ಮಾಡಬಹುದಾದದ್ದು ಅಗಲ ತಟ್ಟೆ. ಅಂಚು ಎರಡು ಮೂರು ಸೆಂಟಿಮೀಟರ್ ಎತ್ತರವಿರುವ ಬೇಕಿಂಗ್ ಟ್ರೇ ತೆಗೆದುಕೊಂಡು ಕಾಳುಗಳು ಒಂದರ ಮೇಲೊಂದು ಕೂರದಂತೆ ಹರಡಿ. ಬಟ್ಟಲಿನಲ್ಲಿ ಮೂತಿ ಊರಿದರೆ ಇಪ್ಪತ್ತು ಮೂವತ್ತು ಕಾಳು ಒಟ್ಟಿಗೆ ಬಾಯಿಗೆ ಬರುತ್ತವೆ. ಹರಡಿದಾಗ ನಾಲಿಗೆಗೆ ಸಿಗುವುದು ನಾಲ್ಕೈದೇ. ಟ್ರೇ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಮಫಿನ್ ಟ್ರೇಯ ಗುಳಿಗಳಿಗೆ ಹಂಚಿದರೂ ಆಗುತ್ತದೆ. ಚಪ್ಪಟೆ ಮುಖದ ನಾಯಿಗೆ ಇವೆರಡೇ ಸೂಕ್ತ, ಆಳದ ಪಾತ್ರೆಗಳು ಅದಕ್ಕೆ ಹಿಂಸೆ.

ಬಟ್ಟಲಿನ ನಡುವೆ ಚೆಂಡನ್ನಿಟ್ಟು ಸುತ್ತ ಊಟ ಹಾಕುವ ಉಪಾಯವೂ ಇದೆ. ಚೆಂಡು ನಾಯಿ ಬಾಯಗಲಿಸಿದರೂ ಒಳಗೆ ಹೋಗದಷ್ಟು ದೊಡ್ಡದಿರಬೇಕು. ಕಲ್ಲು ಬೇಡವೇ ಬೇಡ: ಅವಸರದಲ್ಲಿ ಕಚ್ಚಿ ಹಲ್ಲು ಮುರಿಯುತ್ತದೆ, ಸಣ್ಣದಾದರೆ ನುಂಗಿಬಿಡುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಲೋ ಫೀಡರ್ ಬಟ್ಟಲನ್ನು ನಾಯಿಯ ಮೂತಿ ನೋಡಿ ಆರಿಸಬೇಕು, ಬಣ್ಣ ನೋಡಿ ಅಲ್ಲ. ಒಳಗಿನ ದಿಬ್ಬಗಳ ನಡುವಿನ ಓಣಿಗೆ ನಾಲಿಗೆ ಹೋಗಬೇಕು, ಇಡೀ ಮೂತಿ ಇಳಿಯಬಾರದು. ಓಣಿ ಅಗಲವಾದರೆ ಪ್ರಯೋಜನವಿಲ್ಲ. ಬಹಳ ಕಿರಿದಾದರೆ ನಾಯಿ ಸಿಟ್ಟಿಗೆದ್ದು ಬಟ್ಟಲನ್ನೇ ಕವುಚಿ ಹಾಕುತ್ತದೆ, ಇಲ್ಲವೇ ದಿಬ್ಬಗಳನ್ನು ಕಡಿಯುತ್ತದೆ. ಕಡಿದ ಗುರುತು, ಎದ್ದ ಪ್ಲಾಸ್ಟಿಕ್ ಚೂರು ಕಂಡ ದಿನವೇ ಅದನ್ನು ಎಸೆಯಿರಿ. ತಳದಲ್ಲಿ ರಬ್ಬರ್ ಹಿಡಿತ ಇರಲಿ. ಮೊದಲ ಎರಡು ಮೂರು ದಿನ ಊಟದ ಕಾಲು ಭಾಗ ಮಾತ್ರ ಅದರಲ್ಲಿ ಹಾಕಿ, ಉಳಿದದ್ದನ್ನು ಹಳೆಯ ತಟ್ಟೆಯಲ್ಲಿ ಕೊಡಿ. ಪ್ರತಿ ಊಟದ ನಂತರ ಬ್ರಷ್ ಹಾಕಿ ತೊಳೆಯಿರಿ. ಮೂಲೆಯಲ್ಲಿ ಉಳಿದ ಜಿಡ್ಡು ಲೋಳೆಗಟ್ಟುತ್ತದೆ.

ಕಲಸಿದ ಅಥವಾ ಮೆತ್ತಗಿನ ಊಟಕ್ಕೆ ನೆಕ್ಕುವ ಮ್ಯಾಟ್ ಚೆನ್ನಾಗಿ ಹೊಂದುತ್ತದೆ. ಸಿಲಿಕೋನ್ ಮ್ಯಾಟಿನ ಗೀರುಗಳಿಗೆ ಸವರಿ ಫ್ರೀಜರಿನಲ್ಲಿ ಒಂದೆರಡು ಗಂಟೆ ಇಟ್ಟರೆ ಇನ್ನೂ ನಿಧಾನ. ನೆಕ್ಕಿ ಮುಗಿದೊಡನೆ ಎತ್ತಿಕೊಳ್ಳಿ, ಇಲ್ಲವಾದರೆ ಮ್ಯಾಟನ್ನೇ ಅಗಿಯುತ್ತದೆ. ಕಡಲೆಕಾಯಿ ಬೆಣ್ಣೆ ಸವರುವುದಾದರೆ ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂಬ ಹೆಸರಿದೆಯೇ ನೋಡಿ. ಆ ಸಿಹಿ ನಾಯಿಗೆ ವಿಷ, ರಕ್ತದ ಸಕ್ಕರೆಯನ್ನು ಧಡಕ್ಕನೆ ಇಳಿಸಿಬಿಡುತ್ತದೆ. ಸವರಿದ್ದರ ಕ್ಯಾಲರಿಯನ್ನು ದಿನದ ಲೆಕ್ಕದಲ್ಲಿ ಕಳೆಯುವುದನ್ನೂ ಮರೆಯಬೇಡಿ.

ಕಾಳಿಗೆ ನೀರು ಹಾಕಿ ಕೊಡುವವರು ನೆನೆಯಲು ಬಿಡದೆ, ಕಾಳು ತೇಲುತ್ತಿರುವಾಗಲೇ ಇಟ್ಟು ನೋಡಿ. ನೆನೆದು ಮೆತ್ತಗಾದದ್ದನ್ನು ಕೆಲವು ನಾಯಿಗಳು ಮೊದಲಿಗಿಂತಲೂ ಬೇಗ ಎಳೆದುಕೊಂಡುಬಿಡುತ್ತವೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ವಾರ ಹೊತ್ತು ಬರೆದಿಡಿ. ಅರ್ಧ ನಿಮಿಷದ ಊಟ ನಾಲ್ಕೈದು ನಿಮಿಷಕ್ಕೆ ಬಂದು, ಕೆಮ್ಮು ನಿಂತರೆ ಅಲ್ಲಿಗೆ ಸಾಕು. ಇಪ್ಪತ್ತು ನಿಮಿಷ ಒದ್ದಾಡಿಸುವುದರಿಂದ ಹೆಚ್ಚಿನ ಲಾಭವಿಲ್ಲ. ನಾಯಿ ಬೊಗಳುತ್ತಾ ಬಟ್ಟಲು ಬಿಟ್ಟು ಹೋದರೆ ಆ ಉಪಾಯ ಅದಕ್ಕೆ ಕಷ್ಟವಾಯಿತೆಂದೇ ಅರ್ಥ. ಒಂದು ಹೆಜ್ಜೆ ಹಿಂದೆ ಬನ್ನಿ.

ಹೊಟ್ಟೆ ತಿರುಚಿಕೊಂಡಾಗ

ದೊಡ್ಡ ತಳಿಗಳ ಮಾತು ಬೇರೆ ಎಂದದ್ದು ಇದಕ್ಕೆ. ಜಠರ ಗಾಳಿಯಿಂದ ಉಬ್ಬಿ, ತನ್ನ ಸುತ್ತಲೇ ತಿರುಚಿಕೊಂಡು, ಎರಡೂ ಬಾಯಿ ಮುಚ್ಚಿಹೋಗುವ ಸ್ಥಿತಿಯನ್ನು ಪಶುವೈದ್ಯರು ಜಿಡಿವಿ ಎನ್ನುತ್ತಾರೆ. ಅವಸರದ ಊಟ, ದಿನಕ್ಕೆ ಒಂದೇ ಭಾರಿ ಊಟ, ಏರಿದ ವಯಸ್ಸು, ಒಡಹುಟ್ಟಿದವುಗಳಲ್ಲಿ ಅಥವಾ ಹೆತ್ತವುಗಳಲ್ಲಿ ಇದು ಬಂದಿರುವುದು, ಇವು ಅಪಾಯ ಹೆಚ್ಚಿಸುತ್ತವೆ. ಬಟ್ಟಲನ್ನು ಸ್ಟ್ಯಾಂಡಿನ ಮೇಲಿಟ್ಟರೆ ಒಳ್ಳೆಯದೆಂಬ ನಂಬಿಕೆ ಬಹಳ ಕಾಲ ಇತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರಿಸಿದ ಬಟ್ಟಲಿನಲ್ಲಿ ತಿನ್ನುವ ದೊಡ್ಡ ತಳಿಗಳಲ್ಲೇ ಅಪಾಯ ಹೆಚ್ಚು ಕಂಡಿತು. ಕತ್ತು ನೋವಿಗೋ ಅನ್ನನಾಳದ ತೊಂದರೆಗೋ ವೈದ್ಯರು ಹೇಳಿದ್ದರೆ ಮಾತ್ರ ಎತ್ತರಿಸಿ, ಇಲ್ಲವಾದರೆ ನೆಲದ ಮೇಲೆಯೇ ಇರಲಿ. ಊಟದ ಹಿಂದೆ ಮುಂದೆ ಒಂದು ಗಂಟೆ ಓಟ, ಜಿಗಿತ ಬೇಡ.

ಓಕರಿಸುತ್ತದೆ, ಆದರೆ ನೊರೆ ಜೊಲ್ಲು ಬಿಟ್ಟು ಏನೂ ಹೊರಬರುವುದಿಲ್ಲ. ಪಕ್ಕೆಯ ಹಿಂದೆ ಹೊಟ್ಟೆ ಉಬ್ಬಿ, ಬೆರಳಲ್ಲಿ ತಟ್ಟಿದರೆ ಡೋಲಿನಂತೆ ಸದ್ದು ಬರುತ್ತದೆ. ಮಲಗಲಾಗದೆ, ನಿಲ್ಲಲಾಗದೆ ಸುತ್ತುತ್ತದೆ. ಒಸಡು ಬಿಳಿಚುತ್ತದೆ. ಇವೆಲ್ಲ ಒಟ್ಟಿಗೆ ಕಾಣಲೆಂದು ಕಾಯಬೇಡಿ. ಏನೂ ಹೊರಬರದ ಓಕರಿಕೆಯೊಂದೇ ಸಾಕು, ಮನೆಮದ್ದು ಮಾಡದೆ, ನೀರು ಕುಡಿಸದೆ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳು, ದಿನಗಳಲ್ಲ. ಜಠರವನ್ನು ಹೊಟ್ಟೆಯ ಬಲಗೋಡೆಗೆ ಹೊಲಿದು ತಿರುಚದಂತೆ ಮಾಡುವ ಗ್ಯಾಸ್ಟ್ರೋಪೆಕ್ಸಿ ಎಂಬ ಶಸ್ತ್ರಚಿಕಿತ್ಸೆಯನ್ನು ಮುಂಜಾಗ್ರತೆಯಾಗಿಯೂ ಮಾಡಿಸಬಹುದು. ಸಂತಾನಹರಣ ಚಿಕಿತ್ಸೆಯ ಜೊತೆಗೇ ಮಾಡಿಸಿದರೆ ಇನ್ನೊಮ್ಮೆ ಅರಿವಳಿಕೆ ಕೊಡುವುದು ತಪ್ಪುತ್ತದೆ. ಗ್ರೇಟ್ ಡೇನ್ ಸಾಕುವವರು ಈ ಬಗ್ಗೆ ತಮ್ಮ ವೈದ್ಯರನ್ನು ತಾವಾಗಿಯೇ ಕೇಳಬೇಕು.

ಉಪಾಯ ಏನೂ ಮಾಡದೆಯೇ ಗಬಗಬನೆ ತಿನ್ನುತ್ತಿದ್ದ ನಾಯಿ ತಾನಾಗಿ ನಿಧಾನವಾಯಿತೇ? ಕಾಳನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಕೆಳಗೆ ಬೀಳಿಸುತ್ತಿದೆಯೇ, ತಲೆ ಓರೆ ಮಾಡಿ ಒಂದೇ ಕಡೆಯಿಂದ ತಿನ್ನುತ್ತಿದೆಯೇ ನೋಡಿ. ತುಟಿಯನ್ನು ಮೆಲ್ಲಗೆ ಮೇಲೆತ್ತಿ ಹಿಂದಿನ ಹಲ್ಲುಗಳನ್ನು ಗಮನಿಸಿ. ಕಂದು ಪಾಚಿ, ಕೆಂಪಾದ ಒಸಡು, ಮುರಿದ ತುದಿ ಅಲ್ಲಿ ಕಾಣಬಹುದು. ಹಲ್ಲು ನೋಯುವ ನಾಯಿ ಅಳುವುದಿಲ್ಲ, ತಿನ್ನುವ ರೀತಿಯನ್ನಷ್ಟೇ ಬದಲಿಸುತ್ತದೆ.