ತಪ್ಪಿನ ಲೆಕ್ಕ ಬರೆದು ಜಿಆರ್‌ಇ ದಾಟಿದ್ದು

ಅಮೆರಿಕದಂಥ ಕಡೆ ಮೇಲಿನ ಓದಿಗೆ ಕೇಳುವ ಜಿಆರ್‌ಇ ಪರೀಕ್ಷೆಯನ್ನು 2024ರ ಜೂನ್‌ನಲ್ಲಿ ಮೊದಲ ಸಲ ಬರೆದು ಹೊರಗೆ ಬಂದವಳೇ ಅಪ್ಪನಿಗೆ ಫೋನ್ ಮಾಡಿ ‘ಮುನ್ನೂರ ಎರಡು’ ಎಂದೆ. ‘ಎಷ್ಟರಲ್ಲಿ?’ ಎಂದು ಕೇಳಿದರು. ‘ಮುನ್ನೂರ ನಲವತ್ತರಲ್ಲಿ.’ ಅಪ್ಪನಿಗೆ ಖುಷಿಯೋ ಖುಷಿ. ಈ ಪರೀಕ್ಷೆಯಲ್ಲಿ ಎಲ್ಲವನ್ನೂ ತಪ್ಪು ಮಾಡಿದರೂ 260 ಬರುತ್ತದೆ, ಇಂಗ್ಲಿಷಿನ ಭಾಗವಾದ ವರ್ಬಲ್‌ಗೂ ಗಣಿತದ ಭಾಗವಾದ ಕ್ವಾಂಟ್‌ಗೂ ಲೆಕ್ಕ ಶುರುವಾಗುವುದೇ 130ರಿಂದ, ಎಂಬುದನ್ನು ಆ ಹೊತ್ತಿಗೆ ನಾನು ಹೇಳಲಿಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಆಚೆಗಿನ ಹಳ್ಳಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ಇಂಗ್ಲಿಷು ಮಾತ್ರ ಪರೀಕ್ಷೆಯ ದಿನ ಹಾಕುವ ಇಸ್ತ್ರಿ ಅಂಗಿಯ ಹಾಗೆ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ ಮೇಲೆ ಗಿಡಗಳ ರೋಗದ ಮೇಲೆ ಪಿಎಚ್‌ಡಿ ಮಾಡಬೇಕೆಂದು ತಲೆಗೆ ಹತ್ತಿತು. ವರ್ಷ ವರ್ಷ ಅಡಿಕೆ ತೋಟದಲ್ಲಿ ಕೊಳೆರೋಗ ನೋಡಿ ಬೆಳೆದವರಿಗೆ ಇದೇನು ದೊಡ್ಡ ಆಶ್ಚರ್ಯವಲ್ಲ. ಅಮೆರಿಕದ ಆರು ವಿಭಾಗಗಳನ್ನು ಆರಿಸಿಕೊಂಡೆ. ಅದರಲ್ಲಿ ಎರಡು ಮಾತ್ರ ಜಿಆರ್‌ಇ ಕೇಳುತ್ತಿದ್ದವು. ಕೋವಿಡ್ ನಂತರ ಹಲವು ವಿಭಾಗಗಳು ಇದನ್ನು ಕೈಬಿಟ್ಟಿವೆ. ಹಾಗಾಗಿ ಮೊದಲ ಕೆಲಸ ಓದುವುದಲ್ಲ, ನಿಮಗೆ ಬೇಕಾದ ವಿಭಾಗ ಇದನ್ನು ಕೇಳುತ್ತದೆಯೇ ಎಂದು ನೋಡುವುದು. ಶುಲ್ಕ ಇಪ್ಪತ್ತು ಸಾವಿರದ ಮೇಲಿದೆ. ಆಗಿನ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ ಕ್ವಿಂಟಲ್ ಚಾಲಿ ಅಡಿಕೆ.

ಪರೀಕ್ಷೆಯ ರಚನೆ ಬೇಗ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರಿನಿಂದ ಅದು ಮೊಟಕಾಗಿದೆ, ಒಟ್ಟು 1 ಗಂಟೆ 58 ನಿಮಿಷ. 30 ನಿಮಿಷದ ಒಂದು ಪ್ರಬಂಧ, ಆಮೇಲೆ ವರ್ಬಲ್‌ನ ಎರಡು ಭಾಗ, ಕ್ವಾಂಟ್‌ನ ಎರಡು ಭಾಗ. ಎರಡಕ್ಕೂ ಮೊದಲ ಭಾಗದಲ್ಲಿ 12, ಎರಡನೆಯದರಲ್ಲಿ 15 ಪ್ರಶ್ನೆ. ಮೊದಲ ಭಾಗ ಚೆನ್ನಾಗಿ ಮಾಡಿದವರಿಗೆ ಎರಡನೆಯದು ಕಷ್ಟದ್ದು ಬರುತ್ತದೆ, ಅಂಕ ಮೇಲೆ ಹೋಗುವುದೂ ಆ ದಾರಿಯಲ್ಲೇ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ನಡುವೆ ಬಿಡುವಿಲ್ಲ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮಂಗಳೂರಿನ ಒಂದು ಕೋಚಿಂಗ್ ಸೆಂಟರಿಗೆ ಒಂದು ತಿಂಗಳು ಹೋದೆ. ಸಾವಿರ ಶಬ್ದಗಳ ಪಟ್ಟಿ ಕೊಟ್ಟರು. ಬಸ್ಸಿನಲ್ಲಿ ಹೋಗುವಾಗ ಐವತ್ತು, ಬರುವಾಗ ಐವತ್ತು ಎಂದು ಮಗ್ಗಿಯ ಹಾಗೆ ಉರು ಹೊಡೆದೆ. ಪರೀಕ್ಷೆ ನಡೆಸುವ ಸಂಸ್ಥೆಯೇ ಪುಕ್ಕಟೆ ಕೊಡುವ ಪವರ್‌ಪ್ರೆಪ್ ಎಂಬ ಎರಡು ಅಭ್ಯಾಸ ಪರೀಕ್ಷೆಗಳಿವೆ. ಪುಕ್ಕಟೆ ಸಿಗುವುದರಲ್ಲಿ ನಿಜವಾದ ಪರೀಕ್ಷೆಗೆ ಅಷ್ಟು ಹತ್ತಿರದ್ದು ಬೇರೆ ಇಲ್ಲ. ಎರಡನ್ನೂ ಮೊದಲ ವಾರದಲ್ಲೇ ಮುಗಿಸಿ ಕೂತದ್ದು ನನ್ನ ದಡ್ಡತನ. ಕೊನೆಗೆ ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು ಪರೀಕ್ಷೆಗೆ ಕುಳಿತೆ. ವರ್ಬಲ್ 146, ಕ್ವಾಂಟ್ 156. ಪ್ರಬಂಧದ ಅಂಕ ಹತ್ತು ದಿನದ ನಂತರ ಬಂತು: ಆರಕ್ಕೆ ಮೂರು.

21 ದಿನ ಕಳೆದರೆ ಮತ್ತೆ ಬರೆಯಬಹುದು. ನಾನು ಐದು ತಿಂಗಳು ತೆಗೆದುಕೊಂಡೆ.

ಜುಲೈಯ ಮಳೆಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಅಪ್ಪನ ಅಡಿಕೆ ಲೆಕ್ಕದ ಉದ್ದ ಪುಸ್ತಕವೊಂದು ಅರ್ಧ ಖಾಲಿ ಇತ್ತು. ಅದನ್ನು ತೆಗೆದುಕೊಂಡು ಎರಡೂ ಅಭ್ಯಾಸ ಪರೀಕ್ಷೆಗಳ ತಪ್ಪುಗಳನ್ನು ಒಂದೊಂದಾಗಿ ಬರೆಯತೊಡಗಿದೆ. ನಾನು ಯಾವ ಉತ್ತರ ಕೊಟ್ಟೆ, ಆಗ ಏನು ಯೋಚಿಸಿದ್ದೆ, ಪ್ರಶ್ನೆಯ ಯಾವ ಪದ ನನ್ನನ್ನು ತಡೆಯಬೇಕಿತ್ತು. ಸರಿ ಉತ್ತರ ಯಾವುದೆಂದು ಬರೆಯಲಿಲ್ಲ, ಅದು ಬರೆದರೆ ಕಣ್ಣು ಅಲ್ಲಿಗೇ ಓಡುತ್ತದೆ. 108 ಪ್ರಶ್ನೆಗಳಲ್ಲಿ 43 ತಪ್ಪು. ಶಬ್ದವೋ ಸೂತ್ರವೋ ಗೊತ್ತಿಲ್ಲದೆ ಹೋದದ್ದು 14. ಹೊತ್ತು ಸಾಲದೆ ಹೋದದ್ದು 8. ಉಳಿದ 21 ಪ್ರಶ್ನೆಗಳಲ್ಲಿ ನನಗೆ ಎಲ್ಲವೂ ಗೊತ್ತಿತ್ತು, ಓದಿದ್ದೇ ತಪ್ಪು. ಸಾವಿರ ಶಬ್ದ ಉರು ಹೊಡೆದದ್ದು ಆ ಹದಿನಾಲ್ಕರ ಮದ್ದು. ಇಪ್ಪತ್ತೊಂದಕ್ಕೆ ಯಾರೂ ಮದ್ದು ಹೇಳಿರಲಿಲ್ಲ.

ಒಂದು ಉದಾಹರಣೆ. ಕ್ವಾಂಟ್‌ನಲ್ಲಿ ಎರಡು ಪ್ರಮಾಣಗಳನ್ನು ಹೋಲಿಸುವ ಪ್ರಶ್ನೆಗಳಿರುತ್ತವೆ: ಮೊದಲನೆಯದು ದೊಡ್ಡದೇ, ಎರಡನೆಯದೇ, ಸಮವೇ, ಅಥವಾ ಹೇಳಲು ಬರುವುದಿಲ್ಲವೇ. ಎಕ್ಸ್ ಸೊನ್ನೆಗಿಂತ ದೊಡ್ಡದು ಎಂದು ಕೊಟ್ಟಿದ್ದರು. ಒಂದು ಕಡೆ ಎಕ್ಸ್‌ನ ವರ್ಗ, ಇನ್ನೊಂದು ಕಡೆ ಎಕ್ಸ್. ನಾನು 2 ಹಾಕಿದೆ, 3 ಹಾಕಿದೆ, ವರ್ಗವೇ ದೊಡ್ಡದು ಎಂದು ಒತ್ತಿದೆ. ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದಾಗ ಅಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದರು. ವರ್ಗ ಎಂದರೆ ಅದರಿಂದಲೇ ಅದನ್ನು ಗುಣಿಸುವುದು ಎಂದೆ. ‘ಅರ್ಧದ ಅರ್ಧ ಕಾಲು ಅಲ್ವಾ ಮಾರಾಯ್ತಿ? ಎಲ್ಲಿ ದೊಡ್ಡದಾಯ್ತು?’ ಎಂದು ಕೇಳಿ ಹೋದರು. 1 ಹಾಕಿದರೆ ಸಮ, ಅರ್ಧ ಹಾಕಿದರೆ ವರ್ಗವೇ ಚಿಕ್ಕದು. ಉತ್ತರ: ಹೇಳಲು ಬರುವುದಿಲ್ಲ. ಎಕ್ಸ್ ಪೂರ್ಣಾಂಕ ಎಂದು ಪ್ರಶ್ನೆಯಲ್ಲಿ ಎಲ್ಲೂ ಇರಲಿಲ್ಲ, ಅದನ್ನು ಸೇರಿಸಿದ್ದು ನಾನೇ. ಆಮೇಲೆ ಪುಸ್ತಕದ ಒಳರಟ್ಟಿನಲ್ಲಿ ‘0, 1, ಅರ್ಧ, ಮೈನಸ್ 1, ಮೈನಸ್ ಅರ್ಧ’ ಎಂದು ಬರೆದಿಟ್ಟೆ. ಹೋಲಿಕೆಯ ಪ್ರಶ್ನೆ ಬಂದರೆ ಈ ಐವರನ್ನು ವಿಚಾರಿಸದೆ ಮುಂದೆ ಹೋಗುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಅವಿಭಾಜ್ಯ ಸಂಖ್ಯೆ, ಮಧ್ಯಾಂಕ, ಸಂಭವನೀಯತೆ ನನಗೆ ನಿದ್ದೆಯಲ್ಲೂ ಗೊತ್ತು. ಪ್ರೈಮ್, ಮೀಡಿಯನ್, ಪ್ರಾಬಬಿಲಿಟಿ ಎಂದಾಗ ಅರೆಕ್ಷಣ ತಡವರಿಸುತ್ತಿದ್ದೆ. ಮೊದಲ ಭಾಗದ 12 ಪ್ರಶ್ನೆಗೆ ಇರುವುದು 21 ನಿಮಿಷ, ಆ ಅರೆಕ್ಷಣಗಳೂ ಲೆಕ್ಕಕ್ಕೆ ಬರುತ್ತವೆ. ಅಂಥ ಸುಮಾರು ಅರವತ್ತು ಪದ ಇರಬಹುದು, ಒಂದು ವಾರದಲ್ಲಿ ಕೈವಶವಾದವು. ಗಣಿತದಲ್ಲಿ ಹೊಸದಾಗಿ ಏನನ್ನೂ ಕಲಿಯಲಿಲ್ಲ.

ವರ್ಬಲ್ ಬೇರೆಯೇ ಕಥೆ. ಅಲ್ಲಿ ನನ್ನನ್ನು ಕೆಡವಿದ್ದು ದೊಡ್ಡ ದೊಡ್ಡ ಶಬ್ದಗಳಲ್ಲ, ಗೊತ್ತಿದೆ ಎಂದುಕೊಂಡ ಸಣ್ಣ ಶಬ್ದಗಳು. ಕ್ವಾಲಿಫೈಡ್ ಎಂದರೆ ಅರ್ಹತೆ ಉಳ್ಳದ್ದು ಎಂದೇ ನಾನು ತಿಳಿದಿದ್ದೆ. ಒಬ್ಬ ವಿಮರ್ಶಕ ಒಂದು ವಾದಕ್ಕೆ ಕ್ವಾಲಿಫೈಡ್ ಬೆಂಬಲ ಕೊಟ್ಟ ಎಂದಿದ್ದರೆ ಅರೆಮನಸ್ಸಿನ, ಷರತ್ತು ಹಾಕಿದ ಬೆಂಬಲ ಎಂದರ್ಥ. ವಾಂಟ್ ಎಂದರೆ ಕೊರತೆಯೂ ಹೌದು. ಟೆಂಪರ್ ಎಂದರೆ ಕಾವು ಇಳಿಸುವುದೂ ಹೌದು. ಹೀಗೆ ಎರಡು ಮುಖದ ಶಬ್ದಗಳಿಗೆ ಪುಸ್ತಕದಲ್ಲಿ ಬೇರೆ ಪುಟ ಇಟ್ಟೆ. ಉಳಿದವುಗಳಿಗೆ ನಿಘಂಟಿನ ಅರ್ಥ ಬರೆಯುವುದು ಬಿಟ್ಟು ನಮ್ಮೂರಿನ ಯಾರನ್ನಾದರೂ ಅಂಟಿಸಿದೆ. ಗ್ಯಾರುಲಸ್ (ವಾಚಾಳಿ) ಎಂದರೆ ಬಸ್‌ಸ್ಟಾಪಿನ ಹತ್ತಿರದ ಒಬ್ಬರು, ಟ್ಯಾಸಿಟರ್ನ್ (ಮಿತಭಾಷಿ) ಎಂದರೆ ಅವರ ತಮ್ಮ. ಹೆಸರು ಹೇಳುವುದಿಲ್ಲ.

ಓದಿ ಅರ್ಥಮಾಡುವ ಗದ್ಯಭಾಗಗಳು ವರ್ಬಲ್‌ನ ಅರ್ಧದಷ್ಟು ಇರುತ್ತವೆ. ಅವುಗಳಿಗೆ ಕೋಚ್ ಸಿಕ್ಕಿದ್ದು ಮನೆಯಲ್ಲೇ. ಅಮ್ಮ ಚಾವಡಿಯಲ್ಲಿ ಅಡಿಕೆ ಸುಲಿಯುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು ಒಂದು ಗದ್ಯ ಓದಿಕೊಂಡು, ಪುಸ್ತಕ ಮುಚ್ಚಿ, ಕನ್ನಡದಲ್ಲಿ ಎರಡೇ ವಾಕ್ಯದಲ್ಲಿ ಹೇಳಬೇಕು. ಹವಳದ ದಿಬ್ಬಗಳ ಬಗ್ಗೆ ಒಂದು ದಿನ ನಾಲ್ಕು ವಾಕ್ಯ ಹೇಳಿದೆ. ಅಮ್ಮ ತಲೆ ಎತ್ತದೆ, ‘ಅದೆಲ್ಲ ಸರಿ, ಬರೆದವ ಯಾರ ಪಕ್ಷ?’ ಎಂದರು. ನನಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ. ಅಮ್ಮನಿಗೆ ಈ ಪ್ರಶ್ನೆ ಬಂದದ್ದು ತಾಳಮದ್ದಳೆಯಿಂದ, ಅಂದರೆ ವೇಷ ಕಟ್ಟದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಹುಟ್ಟಿದ ಸೀಮೆ ನಮ್ಮದು. ಕೃಷ್ಣನ ಮಾತನ್ನೆಲ್ಲ ಒಪ್ಪಿಕೊಂಡಂತೆ ಮಾಡಿ ಒಂದು ‘ಆದರೆ’ಯಲ್ಲಿ ಕೌರವ ಎಲ್ಲವನ್ನೂ ತಿರುಗಿಸಿ ಹಾಕುವುದನ್ನು ದೇವಸ್ಥಾನದ ಅಂಗಳದಲ್ಲಿ ಬೆಳಗಿನ ತನಕ ಕೇಳಿದವರು ನಾವು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲೂ ಆ ‘ಆದರೆ’, ‘ಆಗಿದ್ದರೂ’, ‘ಮಾತ್ರವಲ್ಲ’ ಎಲ್ಲಿದೆ ಎಂದು ಮೊದಲು ಹುಡುಕಿದೆ. ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು ಖಾಲಿ ಜಾಗಕ್ಕೆ ನನ್ನದೇ ಒಂದು ಕನ್ನಡ ಪದ ಹಾಕಿ ನೋಡುತ್ತಿದ್ದೆ. ‘ಯಾವಾಗಲೂ ಹರಟೆ ಹೊಡೆಯುವ ಆತ ಆ ದಿನ ಮಾತ್ರ ವಿಚಿತ್ರವಾಗಿ ಡ್ಯಾಶ್ ಇದ್ದ’ ಎಂದರೆ ‘ಮೌನಿ’. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ್ದು ಯಾವುದೆಂದು ನೋಡುವುದು. ಮೊದಲೇ ಆಯ್ಕೆ ನೋಡಿದರೆ ಎಲ್ಲವೂ ಸರಿ ಎನಿಸುತ್ತದೆ.

ಪ್ರಬಂಧಕ್ಕೂ ಇದೇ ಬುದ್ಧಿ ಸಾಕಾಯಿತು. ವಿಷಯಗಳ ಪೂರ್ತಿ ಪಟ್ಟಿ ಸಂಸ್ಥೆಯ ವೆಬ್‌ಸೈಟಿನಲ್ಲೇ ಇದೆ, ಎಲ್ಲಕ್ಕೂ ಉತ್ತರ ಬರೆದಿಡಲು ಹೋಗಬೇಡಿ. ನಾನು ವಾರಕ್ಕೆ ಎರಡು ಬರೆದೆ. ಎದುರಾಳಿಯ ಅತಿ ಗಟ್ಟಿ ಮಾತನ್ನು ನಾನೇ ಎತ್ತಿ, ಅದಕ್ಕೆ ಒಂದು ಪ್ಯಾರಾದಲ್ಲಿ ಉತ್ತರ ಕೊಡುವುದು. ಅಲ್ಲಿಯ ಟೈಪಿಂಗ್ ಪರದೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯ ಇಲ್ಲ, ಮನೆಯಲ್ಲೂ ಅದನ್ನು ಆಫ್ ಮಾಡಿಯೇ ಬರೆಯಿರಿ.

ಮನೆಯಿಂದಲೇ ಪರೀಕ್ಷೆ ಬರೆಯುವ ಅವಕಾಶವಿದೆ. ಒಂದು ಸಂಜೆ ಅಭ್ಯಾಸದ ನಡುವೆ ಮೂರು ಸಲ ಕರೆಂಟು ಹೋದ ಮೇಲೆ ಆ ಆಸೆ ಬಿಟ್ಟೆ. ನವೆಂಬರಿನಲ್ಲಿ ಪುನಃ ಬೆಂಗಳೂರು, ಈ ಸಲ ಎರಡು ದಿನ ಮೊದಲೇ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಪಾಸ್‌ಪೋರ್ಟ್ ಮರೆಯುವ ಹಾಗಿಲ್ಲ, ಅರ್ಜಿಯ ಹೆಸರು ಅದರಲ್ಲಿ ಇರುವ ಹಾಗೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್ ಇರುವ ನಮ್ಮಂಥವರು ಇದನ್ನು ನೋಂದಣಿಗೆ ಮೊದಲೇ ನೋಡಿಕೊಳ್ಳಬೇಕು.

ಪರೀಕ್ಷೆ ಮುಗಿದಾಗ ಅಂಕ ಇಟ್ಟುಕೊಳ್ಳುತ್ತೀರಾ, ರದ್ದು ಮಾಡುತ್ತೀರಾ ಎಂದು ಪರದೆ ಕೇಳುತ್ತದೆ, ಅಂಕ ತೋರಿಸುವ ಮೊದಲೇ. ಇಟ್ಟುಕೊಂಡೆ. ವರ್ಬಲ್ 154, ಕ್ವಾಂಟ್ 163. ಪ್ರಬಂಧಕ್ಕೆ ಆಮೇಲೆ ನಾಲ್ಕು ಬಂತು. ಅದೇ ದಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಪುಕ್ಕಟೆ ಅಂಕ ಕಳಿಸಬಹುದು. ಜೂನ್‌ನಲ್ಲಿ ನಾಚಿಕೆಯಿಂದ ಆ ಜಾಗ ಖಾಲಿ ಬಿಟ್ಟು ಎದ್ದು ಬಂದಿದ್ದೆ. ಈ ಸಲ ನನಗೆ ಬೇಕಾದ ಎರಡನ್ನೂ ಒತ್ತಿ, ಅಪ್ಪನಿಗೆ ಫೋನ್ ಮಾಡಿ ‘ಮುನ್ನೂರ ಹದಿನೇಳು’ ಎಂದೆ. ‘ಬರೇ ಹದಿನೈದು ಜಾಸ್ತಿಯಾ?’ ಎಂದು ಕೇಳಿದರು.