ಆಟಿಯ ಮಳೆಯಲ್ಲಿ ಆರಿಂಚಿನ ಕನ್ನಡಿ

"ಮಾಷ್ಟ್ರೆ, ಕೊಡೆ ಹಿಡ್ಕೊಂಡು ನಕ್ಷತ್ರ ನೋಡ್ತೀರಾ?" ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಈ ಮಾತು ಕೇಳಿಸಿಕೊಂಡೆ. ಉಡುಪಿಯ ಜೂನ್‌ನಲ್ಲಿ ಟೆಲಿಸ್ಕೋಪಿನ ಕನ್ನಡಿ ಉಜ್ಜಲು ಹೊರಟವನನ್ನು ಮತ್ತೇನು ಕೇಳ್ತಾರೆ ಹೇಳಿ. ಈ ಹುಚ್ಚು ಇರುವ ಗೆಳೆಯರೂ "ಕರಾವಳಿಯ ಸೆಕೆಗೆ ಪಿಚ್ ನಿಲ್ಲುವುದಿಲ್ಲ, ಸುಮ್ನೆ ರೆಡಿಮೇಡ್ ತಗೊಳ್ಳಿ" ಅಂದಿದ್ದರು. ಪಿಚ್ ಅಂದರೆ ಗಾಜಿಗೆ ಹೊಳಪು ಕೊಡಲು ಬಳಸುವ ರಾಳದ ಮಿಶ್ರಣ. ಈಗ ಕನ್ನಡಿ ಆಗಿದೆ. ಅದಕ್ಕೇ ಬರೀತಾ ಇದ್ದೇನೆ.

150 ಮಿ.ಮೀ. ಅಗಲ, ಎಫ್ 8, ಅಂದರೆ ಬೆಳಕು ಕೂಡುವ ದೂರ ಅಗಲದ ಎಂಟರಷ್ಟು. ಉಜ್ಜುವ ಕ್ರಮ ಚಿಕ್ಕದಾಗಿ ಹೇಳುವುದಾದರೆ, ಎರಡು ಗಾಜಿನ ನಡುವೆ ಒರಟು ಪುಡಿ ಹಾಕಿ ಉಜ್ಜಿ ಒಂದರಲ್ಲಿ ಗುಂಡಿ ಮಾಡುವುದು, ಆಮೇಲೆ ಅದನ್ನು ಪಿಚ್ಚಿನ ಮೇಲೆ ಉಜ್ಜಿ ಪಾಲಿಶ್ ಮಾಡುವುದು. ಜಗಲಿಯಲ್ಲಿ ಹಳೆಯ ಎಣ್ಣೆ ಡ್ರಮ್ ಇಟ್ಟು, ಅದು ಅಲ್ಲಾಡದ ಹಾಗೆ ಒಳಗೆ ಕೆಂಪುಕಲ್ಲಿನ ಚೂರು ತುಂಬಿಸಿ, ಸುತ್ತ ಸುತ್ತುತ್ತಾ ಉಜ್ಜಿದ್ದು. 80ರಿಂದ 220ರವರೆಗಿನ ಪುಡಿ (ನಂಬರ್ ಹೆಚ್ಚಾದಷ್ಟೂ ನುಣುಪು) ನಾಲ್ಕೈದು ದಿನದಲ್ಲಿ ಮುಗಿಯಿತು. 400ಕ್ಕೆ ಬಂದಾಗ ಎಲ್ಲಿಂದಲೋ 80ರ ಒಂದು ಕಾಳು ಸೇರಿಕೊಂಡು 'ಕರ್ರ್' ಅಂತು. ಆ ಸದ್ದು ಕೇಳಿದವರಿಗೇ ಗೊತ್ತು ಹೊಟ್ಟೆ ಹೇಗೆ ಉರಿಯುತ್ತದೆ ಅಂತ. ಗೆರೆ ಹೋಗಲಿಕ್ಕೆ ಮತ್ತೆ 220ಕ್ಕೆ ಇಳಿದೆ. ಆಮೇಲೆ ಪ್ರತಿ ಪುಡಿಗೂ ಬೇರೆ ಬಕೆಟ್, ಬೇರೆ ಬಟ್ಟೆ, ಬೇರೆ ಲುಂಗಿ.

ನಿಜವಾದ ಸೋಲು ಮೊದಲ ಗಾಜಿನದ್ದು. ಏಪ್ರಿಲ್ ರಜೆ ಇದೆ, ಮೌಲ್ಯಮಾಪನಕ್ಕೆ ಇನ್ನೂ ಕರೆದಿಲ್ಲ ಅಂತ ಬೇಸಿಗೆಯಲ್ಲೇ ಪಾಲಿಶ್ ಶುರು ಮಾಡಿದ್ದೆ. ರಾಳ, ಹರಳೆಣ್ಣೆ, ಜೇನುಮೇಣ, ಎಲ್ಲಾ ಚಳಿದೇಶದವರ ಲೆಕ್ಕದಲ್ಲಿ. ಮಧ್ಯಾಹ್ನ ಜಗಲಿಯಲ್ಲಿ 34 ಡಿಗ್ರಿ. ರಾತ್ರಿ ಊಟ ಮಾಡಿ ಬಂದು ನೋಡಿದರೆ ಪಿಚ್ಚಿನಲ್ಲಿ ಕೊರೆದಿದ್ದ ಕಾಲುವೆಗಳು ಮುಚ್ಚಿಹೋಗಿ ಕನ್ನಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ತಣ್ಣಗಾದರೆ ಬಿಡುತ್ತದೆ ಅಂತ ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಇಟ್ಟೆ. ಅರ್ಧ ಗಂಟೆಯಲ್ಲಿ 'ಟಪ್' ಅಂತ ಬಿಟ್ಟುಕೊಂಡಿತು. ಜೊತೆಗೆ ಅಂಚಿನಲ್ಲಿ ರೂಪಾಯಿ ನಾಣ್ಯದಷ್ಟು ಗಾಜೂ ಹಾರಿಹೋಯಿತು. ಬಂಗುಡೆ ಎರಡು ದಿನ ರಾಳದ ವಾಸನೆ ಹೊಡೆಯಿತು. ಮನೆಯಲ್ಲಿ ಆ ಬಗ್ಗೆ ಇವತ್ತಿಗೂ ಮಾತು ಬರುತ್ತದೆ.

ಉಳಿದ ಪಿಚ್ಚನ್ನು ಎಸೆಯಲು ಮನಸ್ಸಾಗದೆ ಲ್ಯಾಬಿನ ಕಿಟಕಿಯಲ್ಲಿ ಒಂದು ಆಲಿಕೆಗೆ ಹಾಕಿಟ್ಟೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಶುರುವಾದ ಪಿಚ್ ಪ್ರಯೋಗದಲ್ಲಿ 2014ರವರೆಗೆ ಬಿದ್ದದ್ದು ಒಂಬತ್ತೇ ಹನಿ ಅಲ್ವಾ? ನಮ್ಮಲ್ಲಿ ಮೇ ತಿಂಗಳಲ್ಲಿ ವಾರಕ್ಕೊಂದು ಬಿತ್ತು! ಎಣ್ಣೆ ಜಾಸ್ತಿ ಬೆರೆಸಿದ ರಾಳ ಅದು, ಹೋಲಿಕೆ ಸರಿಯಲ್ಲ ಅಂತ ನನಗೂ ಗೊತ್ತು. ಆದರೆ ಜೂನ್ ಮಳೆ ಹಿಡಿದ ಮೇಲೆ ಹನಿ ಬೀಳುವುದು ನಿಂತೇಹೋಯಿತು. ಆಗಲೇ ತಲೆಗೆ ಹೊಳೆದದ್ದು. ಮಳೆಗಾಲದಲ್ಲಿ ನಮ್ಮಲ್ಲಿ ಹಗಲಿಗೂ ರಾತ್ರಿಗೂ ನಾಲ್ಕೈದು ಡಿಗ್ರಿಯಷ್ಟೇ ವ್ಯತ್ಯಾಸ. ಪಿಚ್ ಬೆಳಿಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುತ್ತದೆ. ಧೂಳಂತೂ ಇಲ್ಲವೇ ಇಲ್ಲ.

ಎರಡನೇ ಗಾಜನ್ನು ಆಟಿ ತಿಂಗಳಲ್ಲೇ (ತುಳು ತಿಂಗಳು, ಜುಲೈ-ಆಗಸ್ಟ್ ಹೊತ್ತು) ಪಾಲಿಶ್ ಮಾಡಿದೆ. ಕಾಲೇಜಿನಿಂದ ಬಂದು ದಿನಾ ಒಂದು ಗಂಟೆ, ರಜೆ ಕೊಟ್ಟ ಮಳೆಯ ದಿನ ಮೂರು ಗಂಟೆ, ಒಟ್ಟು ಇಪ್ಪತ್ತು ಗಂಟೆ ಆಗಿರಬಹುದು. ರಾಳಕ್ಕೆ ಎಣ್ಣೆ ಎಷ್ಟು ಅಂತ ಕೇಳಬೇಡಿ. ಹದಿಮೂರು ಸಲ ಕುದಿಸಿ, ಉಗುರು ಒತ್ತಿ ನೋಡಿ ಕಂಡುಕೊಂಡದ್ದು, ಅದು ನನ್ನ ಹತ್ತಿರವೇ ಇರಲಿ. ಪುಸ್ತಕದ್ದಕ್ಕಿಂತ ತುಂಬಾ ಕಡಿಮೆ ಅಂತ ಮಾತ್ರ ಹೇಳ್ತೇನೆ.

ಕನ್ನಡಿಯ ಆಕಾರ ಸರಿಯಾಗಿದೆಯಾ ಅಂತ ಬೆಳಕು, ಬ್ಲೇಡು ಇಟ್ಟು ನೋಡುವ ಫೂಕೋ ಪರೀಕ್ಷೆಯ ಸ್ಟ್ಯಾಂಡಿಗೆ ಜನ ಏನೇನೋ ಖರ್ಚು ಮಾಡುತ್ತಾರೆ. ಫಿಸಿಕ್ಸ್ ಲ್ಯಾಬ್ ಇರುವ ಕಾಲೇಜಿನ ಕಪಾಟಿನಲ್ಲಿ ಅಳತೆಪಟ್ಟಿಯ ಮೇಲೆ ಸರಿಯುವ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇರುತ್ತದೆ, 0.01 ಮಿ.ಮೀ. ಓದುತ್ತದೆ, ಇನ್ನೇನು ಬೇಕು? ಎರಡನೇ ಸೆಮಿಸ್ಟರಿನ ಪ್ರ್ಯಾಕ್ಟಿಕಲ್ ಮುಗಿದ ಮೇಲೆ ಒಂದನ್ನು ರಿಜಿಸ್ಟರಿನಲ್ಲಿ ಬರೆದೇ ಮನೆಗೆ ತಂದೆ. ಅದರ ಮೇಲೆ ಅರ್ಧ ಶೇವಿಂಗ್ ಬ್ಲೇಡು, ಪಕ್ಕದಲ್ಲಿ ಸೀಳು, ಹಿಂದೆ ಎಲ್‌ಇಡಿ. ಸೀಳೂ ಬ್ಲೇಡೂ ಒಟ್ಟಿಗೇ ಸರಿಯುವುದರಿಂದ ಕನ್ನಡಿಯ ನಡುವಿನ ಬೆಳಕು ಕೂಡುವ ಜಾಗಕ್ಕೂ ಅಂಚಿನ ಬೆಳಕು ಕೂಡುವ ಜಾಗಕ್ಕೂ ಬರಬೇಕಾದ ವ್ಯತ್ಯಾಸ 1.17 ಮಿ.ಮೀ. ಕನ್ನಡಿಯ ಗುಂಡಿಯ ಆಳವೂ ಸರಿಯಾಗಿ ಅಷ್ಟೇ, ಎರಡಕ್ಕೂ ಲೆಕ್ಕ ಒಂದೇ ಆದ್ದರಿಂದ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಒಬ್ಬರೂ ತಲೆ ಎತ್ತುವುದಿಲ್ಲ. ನನಗೆ ಕೊನೆಗೆ ಸಿಕ್ಕಿದ್ದು 1.05ರ ಆಸುಪಾಸು. ಅಂಚು ಸ್ವಲ್ಪ ಹೆಚ್ಚೇ ಸವೆದು ಇಳಿದಿತ್ತು, ಅದನ್ನು ಹೆಬ್ಬೆರಳಿನಲ್ಲಿ ಸರಿಮಾಡಿದ ಉಪಾಯ ಇನ್ನೊಮ್ಮೆ ಹೇಳುತ್ತೇನೆ.

ಹುಡುಗರು ತಲೆ ಎತ್ತಿದ್ದು ಬೇರೆ ವಿಷಯಕ್ಕೆ. ಕನ್ನಡಿಯ ಮೇಲೆ ಹತ್ತು ಸೆಕೆಂಡು ಬೆರಳು ಇಟ್ಟು ತೆಗೆದು ಬ್ಲೇಡಿನ ಹಿಂದಿನಿಂದ ನೋಡಿದರೆ ಬೆರಳಿದ್ದ ಜಾಗದಲ್ಲಿ ಗುಡ್ಡ ಎದ್ದಿರುತ್ತದೆ, ನೋಡುನೋಡುತ್ತಾ ಕರಗುತ್ತದೆ. ಮೈಯ ಬಿಸಿಗೆ ಗಾಜು ಉಬ್ಬುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಬೆಳಕಿನ ದಾರಿಯಲ್ಲಿ ಕೈ ಹಿಡಿದು ಅಂಗೈಯಿಂದ ಏಳುವ ಬಿಸಿಗಾಳಿಯನ್ನು ಮೊಬೈಲಿನಲ್ಲಿ ಹಿಡಿದೆವು. ಅದರಲ್ಲೇ ಎರಡು ವಾರ ಕಳೆದುಹೋಯಿತು, ಕನ್ನಡಿ ಮೂಲೆಯಲ್ಲಿ ಕೂತಿತ್ತು.

ಅಲ್ಯೂಮಿನಿಯಂ ಲೇಪನಕ್ಕೆ ಹೊರಗೆ ಕಳಿಸಿದೆ. ಮೊದಲ ಸಲ ಬೆರಳಚ್ಚಿನ ಸಮೇತ ಲೇಪಿಸಿ ಕಳಿಸಿದರು, ಕೇಳಿದರೆ "ನಿಮ್ಮದೇ ಬೆರಳು ಸಾರ್" ಅಂದರು. ಎರಡನೇ ಸಲಕ್ಕೂ ದುಡ್ಡು ಕೊಟ್ಟೆ. ಪಾರ್ಸೆಲ್ ಸೇರಿ ಅದೇ ಮೂರು ಸಾವಿರ. ಗಾಜು, ಪುಡಿ ನಾಲ್ಕೂವರೆ, ಎರಡು ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರ) ಮೂರೂವರೆ, ಎಂಟಿಂಚಿನ ಪಿವಿಸಿ ಪೈಪು, ಓರೆ ಕನ್ನಡಿ, ಪ್ಲೈವುಡ್ ಎಲ್ಲಾ ಸೇರಿ ಹದಿನೈದು ಹದಿನಾರು ಸಾವಿರ. ಹೆಂಡತಿಯ ಲೆಕ್ಕದಲ್ಲಿ ಇಪ್ಪತ್ತು, ಒಡೆದ ಗಾಜನ್ನೂ ಬಂಗುಡೆಯನ್ನೂ ಸೇರಿಸಿ. ಉಪ್ಪುಗಾಳಿಗೆ ಲೇಪನ ಹಾಳಾಗದ ಹಾಗೆ ಈಗ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಇಡುತ್ತೇನೆ.

ಮೋಡ ಸರಿದದ್ದು 2025ರ ಅಕ್ಟೋಬರ್ ಕೊನೆಗೆ. ಗದ್ದೆಯಲ್ಲಿ ನಿಲ್ಲಿಸಿ ಪಕ್ಕದ ಮನೆಯವರನ್ನು ಕರೆದು ಶನಿಯನ್ನು ತೋರಿಸಿದೆ. "ಬಳೆ ಎಲ್ಲಿ ಮಾಷ್ಟ್ರೆ? ಸೂಜಿ ಚುಚ್ಚಿದ ಹಾಗೆ ಉಂಟು." ಆ ವರ್ಷ ಮಾರ್ಚ್‌ನಲ್ಲೇ ಬಳೆಗಳು ನಮ್ಮ ಕಡೆಗೆ ಅಂಚು ತಿರುಗಿಸಿದ್ದವು. ಹದಿನೈದು ವರ್ಷಕ್ಕೊಮ್ಮೆ ಹೀಗಾಗುವುದು, ಅದೂ ನನ್ನ ಕನ್ನಡಿ ಆದ ವರ್ಷವೇ ಆಗಬೇಕಾ! ಜನವರಿಯಲ್ಲಿ ಗುರುವನ್ನೂ ಅದರ ನಾಲ್ಕು ಚಂದ್ರರನ್ನೂ ತೋರಿಸಿದ ಮೇಲೆ ಅವರಿಗೆ ಸಮಾಧಾನ ಆಯಿತು. ಸ್ಟಾಫ್ ರೂಮಿನಲ್ಲಿ ಕೊಡೆಯ ಮಾತೂ ನಿಂತಿತು.

ಎಂಟಿಂಚಿನ ಗಾಜು ತಂದಿಟ್ಟಿದ್ದೇನೆ. ಡ್ರಮ್ಮಿನ ಮೇಲೆ ಸದ್ಯಕ್ಕೆ ಅಮ್ಮನ ಹಲಸಿನ ಹಪ್ಪಳ ಒಣಗುತ್ತಿದೆ, ಮಳೆ ಬರುವವರೆಗೆ ಮುಟ್ಟಬಾರದು ಅಂತ ಆದೇಶ ಆಗಿದೆ.